ಬಿರುಕಿಗೆ ಅಂಟಿಸಿದ ಕಾಗದ

ಸೆಪ್ಟೆಂಬರ್ 4, ಸೋಮವಾರ

ಹೆದರಿಕೆಯಾದರೆ ಬರೆದಿಡು, ಅರ್ಧ ಇಳಿಯುತ್ತದೆ ಎಂದು ಕಾಲೇಜಿನಲ್ಲಿ ನನ್ನ ಮೇಷ್ಟ್ರು ಹೇಳುತ್ತಿದ್ದರು. ಇನ್ನರ್ಧವನ್ನು ಏನು ಮಾಡಬೇಕೆಂದು ಹೇಳಿರಲಿಲ್ಲ. ಅವರು ತೀರಿಕೊಂಡು ಮೂರು ವರ್ಷವಾಯಿತು, ಈಗ ಕೇಳುವಂತೆಯೂ ಇಲ್ಲ. ಇರಲಿ, ಅರ್ಧ ಇಳಿದರೂ ಲಾಭವೇ ಎಂದು ಈ ಪುಸ್ತಕ ಶುರುಮಾಡಿದ್ದೇನೆ.

ವಿಷಯ ಇಷ್ಟು. ನನ್ನ ತರಗತಿಯನ್ನು ಹೊಸ ಕಟ್ಟಡದಿಂದ ಹಳೆಯ ಸಭಾಂಗಣಕ್ಕೆ ಎತ್ತಿಹಾಕಿದ್ದಾರೆ. ಆಂಗ್ಲೋ-ಸ್ಯಾಕ್ಸನ್, ಅಂದರೆ ಹಳೆಯ ಇಂಗ್ಲಿಷಿನ, ವೀರಕಾವ್ಯ ಓದುವವರು ಇಡೀ ಕಾಲೇಜಿನಲ್ಲಿ ಹತ್ತೊಂಬತ್ತು ಜನ. ಸಾವಿರ ವರ್ಷದ ಹಿಂದಿನ ಪದ್ಯಕ್ಕೆ ಹಳೇ ಕೋಣೆ ಸಾಕಲ್ಲವೇ ಎಂದು ಆಡಳಿತ ಮಂಡಳಿಯ ಕಾರ್ಯದರ್ಶಿಗಳು ನಕ್ಕರಂತೆ. ಆರು ವರ್ಷ ಬೀಗ ಹಾಕಿದ್ದ ಕೋಣೆ ಅದು. ನಾನು ವಿದ್ಯಾರ್ಥಿನಿಯಾಗಿದ್ದಾಗ ಮೇಷ್ಟ್ರು ಇದೇ ಕಾವ್ಯವನ್ನು ಇದೇ ಕೋಣೆಯಲ್ಲಿ ಪಾಠ ಮಾಡಿದ್ದು. ಬಾಗಿಲು ತೆರೆದಾಗ ಸಂತೋಷವೇ ಆಯಿತು, ಸುಳ್ಳು ಹೇಳುವುದಿಲ್ಲ.

ಪಾಠ ಶುರುವಾಗಿ ಹತ್ತು ನಿಮಿಷಕ್ಕೆ ಪುಸ್ತಕದ ಮೇಲೆ ಸುಣ್ಣದ ಪುಡಿ ಉದುರಿತು. ತಲೆ ಎತ್ತಿ ನೋಡಿದೆ. ಈ ಗೋಡೆಯಿಂದ ಆ ಗೋಡೆಗೆ ಒಂದೇ ದಪ್ಪ ಮರದ ತೊಲೆ. ಅದು ಗೋಡೆಯೊಳಗೆ ಹೋಗುವ ಜಾಗದಲ್ಲಿ, ರ‍್ಯಾಂಕ್ ಬಂದವರ ಹೆಸರು ಬರೆದ ದೊಡ್ಡ ಹಲಗೆಯ ಹಿಂದಿನಿಂದ ಒಂದು ಬಿರುಕು ಹೊರಟು ಕೆಳಗಿಳಿದಿದೆ. ನನ್ನ ಕಿರುಬೆರಳು ಹೋಗುವಷ್ಟು ಅಗಲ. ನಾನು ಮೇಸ್ತ್ರಿಯ ಮಗಳು. ಯಾವ ಬಿರುಕು ಬರೀ ಸುಣ್ಣದ್ದು, ಯಾವುದು ಗೋಡೆಯದೇ ಎಂದು ತಿಳಿಯದವಳಲ್ಲ. 

ಆಗ ನಾನು ಮಾಡಿದ್ದೇನು? ಕುರ್ಚಿಯನ್ನು ಬಾಗಿಲ ಬಳಿಗೆ ಎಳೆದುಕೊಂಡೆ. "ಇಲ್ಲಿ ಗಾಳಿ ಚೆನ್ನಾಗಿದೆ" ಎಂದು ಹುಡುಗರಿಗೆ ಹೇಳಿದೆ. ಅವರು ಹತ್ತೊಂಬತ್ತು ಜನ ತೊಲೆಯ ಕೆಳಗೇ ಕೂತಿದ್ದರು. ಮೇಷ್ಟ್ರೂ ಬಾಗಿಲ ಬಳಿ ನಿಂತೇ ಪಾಠ ಮಾಡುತ್ತಿದ್ದರು. ಸಿಗರೇಟಿಗೆ ಓಡುವುದು ಸುಲಭವಾಗಲಿ ಅಂತ ಇರಬೇಕು ಎಂದು ನಾವೆಲ್ಲ ತಮಾಷೆ ಮಾಡುತ್ತಿದ್ದೆವು. ಅದು ನೆನಪಾಗಿ ಸ್ವಲ್ಪ ಸಮಾಧಾನವಾಯಿತು.

ಸೆಪ್ಟೆಂಬರ್ 5, ಮಂಗಳವಾರ

ಅಪ್ಪನಿಗೆ ಹೇಳಿದೆ. ಕಾಲು ಕುಂಟಾಗಿ ಗಾರೆ ಕರಣೆ ಕೆಳಗಿಟ್ಟು ಇಪ್ಪತ್ತು ವರ್ಷವಾದರೂ ಗೋಡೆ ಎಂದರೆ ಅಪ್ಪನ ಕಿವಿ ನೆಟ್ಟಗಾಗುತ್ತದೆ.

"ಮೇಲಿನ ಮಹಡೀಲಿ ಏನಿಟ್ಟಿದ್ದಾರೆ?"

"ಹಳೇ ಉತ್ತರಪತ್ರಿಕೆ ಕಟ್ಟುಗಳು. ಇನ್ನೂ ತಂದು ಹಾಕ್ತಾನೇ ಇದ್ದಾರೆ."

"ಕಾಗದ ಅಂದ್ರೆ ಹಗುರ ಅಂದ್ಕೊಂಡಿರ್ತಾರೆ. ಕಟ್ಟಿ ಪೇರಿಸಿಟ್ಟ ಕಾಗದ ಕಲ್ಲಿನ ಲೆಕ್ಕ ಕಣಮ್ಮ."

ಆಮೇಲೆ ಉಪಾಯ ಹೇಳಿಕೊಟ್ಟ. ತೆಳು ಕಾಗದದ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ ಅಂಟಿಸಬೇಕು. ಅದರ ಮೇಲೆ ತಾರೀಕು ಬರೆಯಬೇಕು. ಕಾಗದ ಹಾಗೇ ಇದ್ದರೆ ಹಳೇ ಗಾಯ, ಮಾಗಿದೆ ಎಂದರ್ಥ.

"ಹರಿದ್ರೆ?"

"ಗೋಡೆ ನಡೀತಾ ಇದೆ ಅಂತ."

"ಹರಿದ್ರೆ ನಾನೇನು ಮಾಡ್ಲಿ ಅಪ್ಪ?"

ಅಪ್ಪ ನನ್ನ ಮುಖವನ್ನೇ ನೋಡಿದ. "ಹರಿದ ಮೇಲೂ ಅದನ್ನ ಕೇಳ್ಬೇಕಾ?" ಎಂದು ರೇಡಿಯೋ ಕಡೆ ತಿರುಗಿಕೊಂಡ.

ಸೆಪ್ಟೆಂಬರ್ 6, ಬುಧವಾರ

ಬೆಳಿಗ್ಗೆ ಬೇಗ ಹೋದೆ. ಕೀಲಿಕೈ ಗೊಂಚಲು ಇಟ್ಟುಕೊಂಡಿರುವ ಅಟೆಂಡರನ್ನು ಎಲ್ಲರೂ ಬೀಗದಣ್ಣ ಎನ್ನುತ್ತಾರೆ. ಅವನು ಬಾಗಿಲು ತೆಗೆದುಕೊಟ್ಟು, ತಾನು ಮಾತ್ರ ಹೊಸ್ತಿಲು ದಾಟಲಿಲ್ಲ. ನಾನು ಕುರ್ಚಿ ಹತ್ತಿ, ಹಲಗೆಯ ಕೆಳಗೆ ಕೈ ಎಟಕುವ ಜಾಗದಲ್ಲಿ ಪಟ್ಟಿ ಅಂಟಿಸಿ, 6-9 ಎಂದು ಬರೆದು ಇಳಿದೆ. ಎರಡು ನಿಮಿಷದ ಕೆಲಸಕ್ಕೆ ಮೈಯೆಲ್ಲ ಬೆವರು.

ಇವತ್ತು ಸಾಲು ಹೇಗೆ ಕಟ್ಟುತ್ತಾರೆ ಎಂಬ ಪಾಠ. ಒಂದು ಸಾಲಿಗೆ ಎರಡು ಹೋಳು, ನಡುವೆ ಒಂದು ಬಿಡುವು. ಒಟ್ಟು ನಾಲ್ಕು ಪೆಟ್ಟು, ಅಂದರೆ ಒತ್ತಿ ಹೇಳುವ ಪದ; ಅದರಲ್ಲಿ ಮೂರು ಒಂದೇ ಅಕ್ಷರದಿಂದ ಶುರುವಾಗಬೇಕು. ನಾನೇ ಒಂದು ಸಾಲನ್ನು ಕನ್ನಡಕ್ಕೆ ತಂದು ಹೇಳಿದೆ: "ಕಾರಿರುಳು ಕವಿಯಿತು, ಕದದ ಬಳಿ ನಿಂತರು." ಮೇಷ್ಟ್ರ ಹಾಗೆ ಮೇಜು ಕುಟ್ಟಿ ಪೆಟ್ಟು ತೋರಿಸಿದೆ. ಕುಟ್ಟಿದಾಗಲೆಲ್ಲ ಸುಣ್ಣ ಉದುರಿತು. ಕೈ ಹಿಂದಕ್ಕೆ ತೆಗೆದುಕೊಂಡೆ.

ತರಗತಿಯಲ್ಲಿ ಒಬ್ಬನಿದ್ದಾನೆ, ಗಂಟಲೇ ಧ್ವನಿವರ್ಧಕ. ಅವನನ್ನು ಎಲ್ಲರೂ ಮೈಕು ಎಂದೇ ಕರೆಯುತ್ತಾರೆ. "ಮಧ್ಯೆ ಯಾಕೆ ನಿಲ್ಲಿಸ್ತಾರೆ ಮೇಡಂ?" ಎಂದು ಕೇಳಿದ.

"ಉಸಿರು ತಗೊಳ್ಳೋಕೆ" ಎಂದೆ. ನನಗೇ ಉಸಿರು ಸಾಲುತ್ತಿರಲಿಲ್ಲ.

ಕಥೆಯನ್ನೂ ಸ್ವಲ್ಪ ಹೇಳಿದೆ. ಸಮುದ್ರದ ಮೇಲಿಂದ ದಾಳಿಕೋರರು ಬರುವ ಸುದ್ದಿ ಬಂದಿದೆ. ಮುಖಂಡನ ಸಭಾಂಗಣದಲ್ಲಿ ಅವನ ಯೋಧರು ಒಬ್ಬೊಬ್ಬರೇ ಎದ್ದು ನಿಂತು, ನಾಳೆ ತಾನೇನು ಮಾಡುತ್ತೇನೆ ಎಂದು ಎಲ್ಲರೆದುರು ಆಣೆಯಿಡುತ್ತಾರೆ. ಮಾರನೆಯ ದಿನ ಮುಖಂಡ ಬೀಳುತ್ತಾನೆ. ಕೆಲವರು ನಿಲ್ಲುತ್ತಾರೆ, ಕೆಲವರು ಕಾಡಿಗೆ ಓಡುತ್ತಾರೆ. ಆ ಓಡುವ ಭಾಗವನ್ನು ನಾನು ಪಾಠ ಮಾಡುವುದಿಲ್ಲ. ಹನ್ನೊಂದು ವರ್ಷದಿಂದ ಮೇಷ್ಟ್ರ ಟಿಪ್ಪಣಿಯನ್ನೇ ಹಿಡಿದು ನಡೆದವಳು ನಾನು. ಅವರ ಕೈಬರಹವನ್ನು ಕಣ್ಣು ಮುಚ್ಚಿ ಹೇಳಬಲ್ಲೆ: ಎಡಕ್ಕೆ ವಾಲಿದ ಅಕ್ಷರ, ಇಂಗ್ಲಿಷಿನ ಏಳಕ್ಕೆ ಸೊಂಟದಲ್ಲೊಂದು ಅಡ್ಡಗೆರೆ. ಆ ಕಡೆಯ ಪುಟದ ಮೇಲೆ ಅವರು ಬರೆದಿದ್ದಾರೆ: "ಈ ಭಾಗ ಬಿಡಬಹುದು. ಪರೀಕ್ಷೆಗೆ ಬರುವುದಿಲ್ಲ."

ಸೆಪ್ಟೆಂಬರ್ 11, ಸೋಮವಾರ

ಹರಿದಿದೆ.

ಸರಿಯಾಗಿ ನಡುವೆ. ಒಂದು ಹೋಳು ಆಚೆ, ಒಂದು ಈಚೆ. ಇನ್ನೊಂದು ಪಟ್ಟಿ ಅಂಟಿಸಿ ಬಂದೆ. ಊಟ ಸೇರಲಿಲ್ಲ.

ಸೆಪ್ಟೆಂಬರ್ 13, ಬುಧವಾರ

ಹೊರಗಿನ ಜಗಲಿಯಲ್ಲಿ ಪಾಠ ಮಾಡಿ ನೋಡಿದೆ. ಅರ್ಧ ಗಂಟೆಯಲ್ಲಿ ಕಚೇರಿಯಿಂದ ಚೀಟಿ ಬಂತು: ಹಂಚಿಕೊಟ್ಟ ಕೋಣೆಯಲ್ಲೇ ತರಗತಿ ನಡೆಯತಕ್ಕದ್ದು. ಮಕ್ಕಳನ್ನು ಕರೆದುಕೊಂಡು ಒಳಗೆ ಹೋದೆ. ಅವರು ಮೊದಲು, ನಾನು ಕಡೆಗೆ.

ಬಾಯಿ ಬಿಟ್ಟು ಹೇಳಿದರೆ ಆಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಹನ್ನೊಂದು ವರ್ಷದಿಂದ ನಾನು ತಾತ್ಕಾಲಿಕ. ಈ ಅಕ್ಟೋಬರಿನಲ್ಲಿ ಕಾಯಂ ಆಗುವವರ ಪಟ್ಟಿ ಹೊರಡುತ್ತದೆ, ಅದು ಕಾರ್ಯದರ್ಶಿಗಳ ಮೇಜಿನ ಮೇಲಿದೆ. ಕಟ್ಟಡ ಅವರ ತಾತ ಕಟ್ಟಿಸಿದ್ದು. ತಾತನ ಗೋಡೆಯಲ್ಲಿ ಬಿರುಕಿದೆ ಎಂದು ಅವರಿಗೆ ಹೇಳಿ ಅದೇ ಬಾಯಲ್ಲಿ ಕೆಲಸ ಕೇಳುವುದು ಹೇಗೆ? ಅತ್ತ ದರಿ, ಇತ್ತ ಪುಲಿ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಒಂದು ಪತ್ರ ಬರೆದೆ. ಇವತ್ತಿನ ಪಾಠವೇ ದಾರಿ ತೋರಿಸಿತು. ಈ ಕವಿಗಳು ಯಾವುದನ್ನೂ ನೇರವಾಗಿ ಹೆಸರು ಹಿಡಿದು ಕರೆಯುವವರಲ್ಲ. ಸಮುದ್ರವನ್ನು ಹಾಯಿಯ ಹೊಲ ಎನ್ನುತ್ತಾರೆ, ಕತ್ತಿಯನ್ನು ಗಾಯದ ನೇಗಿಲು ಎನ್ನುತ್ತಾರೆ. ಹುಡುಗರಿಗೂ ಇಂಥ ಸುತ್ತುಹೆಸರು ಕಟ್ಟಲು ಹೇಳಿದ್ದೆ. ಪರೀಕ್ಷೆಗೆ "ನಿದ್ದೆಗಳ್ಳ" ಎಂದು ಒಬ್ಬಳು, ನನಗೆ "ಬಾಗಿಲ ಭಟ" ಎಂದು ಮೈಕು. ಎಲ್ಲರೂ ನಕ್ಕರು, ನಾನೂ ನಕ್ಕೆ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ.

ಪತ್ರದಲ್ಲಿ ಬರೆದದ್ದು ಹೀಗೆ: "ನಮ್ಮ ಹಿರಿಯ ಸಭಾಂಗಣದ ಹಣೆಯ ಮೇಲೆ ಕಾಲವು ತನ್ನ ಗೆರೆಯನ್ನು ಬರೆದಿದೆ. ತಲೆಮಾರುಗಳ ವಿದ್ಯೆಯ ಭಾರವನ್ನು ಹೊತ್ತು ನಿಂತ ಈ ಹೆಗಲ ಕಡೆಗೆ ತಮ್ಮ ಕೃಪಾದೃಷ್ಟಿ ಬೀಳಲಿ." ಬಿರುಕು, ತೊಲೆ, ಉತ್ತರಪತ್ರಿಕೆ ಮೂರೂ ಬಂದವು, ಯಾರಿಗೂ ನೋವಾಗಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೀಗಿದೆ. ಒಂದು ವಾರದ ಮೇಲೆ ಇವತ್ತು ಹೊಟ್ಟೆ ತುಂಬ ಉಂಡೆ.

ಸೆಪ್ಟೆಂಬರ್ 18, ಸೋಮವಾರ

ದೇವರೇ.

ಕಾರ್ಯದರ್ಶಿಗಳು ಕರೆಸಿದರು. ಎದ್ದು ನಿಂತು ಬರಮಾಡಿಕೊಂಡರು. ನನ್ನ ಪತ್ರಕ್ಕೆ ಚೌಕಟ್ಟು ಹಾಕಿಸಿದ್ದಾರೆ!

"ಮೇಡಂ, ಹದಿನೈದು ವರ್ಷದಿಂದ ಈ ಕುರ್ಚೀಲಿ ಕೂತಿದ್ದೀನಿ. ನಮ್ಮ ತಾತನ ಸಭಾಂಗಣದ ಬಗ್ಗೆ ಇಷ್ಟು ಚಂದವಾಗಿ ಒಬ್ಬರೂ ಬರೆದಿರ್ಲಿಲ್ಲ. ಓದ್ತಾ ಓದ್ತಾ ಕಣ್ಣಲ್ಲಿ ನೀರು ಬಂತು. ನೀವು ಕೃಪಾದೃಷ್ಟಿ ಬೀಳಲಿ ಅಂದ್ರಲ್ಲ, ಬಿತ್ತು ನೋಡಿ. ಸಂಸ್ಥಾಪಕರ ದಿನ ಈ ಸಲ ಅಲ್ಲೇ!"

ಅಕ್ಟೋಬರ್ 14, ಶನಿವಾರ. ಮುನ್ನೂರು ಜನ. ಹೊಸ ಬಣ್ಣ ಬಳಿಸುತ್ತಾರಂತೆ. ನನ್ನ ವಿದ್ಯಾರ್ಥಿಗಳು ವೇದಿಕೆಯ ಮೇಲೆ ವೀರರ ಹಾಗೆ ಎದ್ದು ನಿಂತು ಆಣೆಯಿಡುವುದನ್ನು ಆಡಿ ತೋರಿಸಬೇಕಂತೆ. ಹೇಳಿಬಿಡು, ಈಗ ಹೇಳಿಬಿಡು ಎಂದು ಒಳಗಿನಿಂದ ಯಾರೋ ತಿವಿದರು.  ಕಡೆಗೆ ಬಾಯಿಂದ ಹೊರಟದ್ದು: "ತುಂಬಾ ಸಂತೋಷ ಸರ್."

ಹತ್ತೊಂಬತ್ತು ಜನರ ಮೇಲಿದ್ದ ತೊಲೆಯ ಕೆಳಗೆ ನಾನೇ ಮುನ್ನೂರು ಜನರನ್ನು ತಂದು ಕೂರಿಸಿದ್ದೇನೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುವವರು ಬೇರೆಯವರು.

ಸೆಪ್ಟೆಂಬರ್ 20, ಬುಧವಾರ

ಆಣೆಯ ಪಾಠ. ನಿಯಮ ಮೂರೇ: ಮೊದಲು ಯಾರ ಮಗ, ಯಾರ ಮಗಳು ಎಂದು ಹೇಳಬೇಕು; ಏನು ಮಾಡುತ್ತೇನೆ ಎಂದು ಬಿಡಿಸಿ ಹೇಳಬೇಕು; ಎಲ್ಲರೆದುರು ಹೇಳಬೇಕು. ಮನಸ್ಸಿನಲ್ಲೇ ಅಂದುಕೊಂಡರೆ ಅದು ಆಣೆಯಲ್ಲ, ಆಸೆ. ಇದು ಮೇಷ್ಟ್ರ ಮಾತು. ಹೇಳುವಾಗ ಅವರ ಕಣ್ಣು ಮಿಂಚುತ್ತಿತ್ತು.

ಮೈಕು ಎದ್ದ. "ನಾನು ಅಂಚೆ ಗುಮಾಸ್ತರ ಮಗ. ಸಂಸ್ಥಾಪಕರ ದಿನದ ಹಿಂದಿನ ದಿನ ಪೂರ್ತಿ, ಬೆಳಿಗ್ಗೆಯಿಂದ ಸಾಯಂಕಾಲದ ತನಕ, ಒಂದು ಮಾತೂ ಆಡಲ್ಲ." ಅದಕ್ಕಿಂತ ದೊಡ್ಡ ಶೌರ್ಯ ಬೇಕೇ ಎಂದು ಎಲ್ಲರೂ ಬೆಂಚು ಬಡಿದರು. ಬಡಿಯಬೇಡಿ ಎಂದು ನಾನು ಚೀರಿಕೊಂಡೆ. ಎಲ್ಲರೂ ಗಪ್‌ಚಿಪ್.

ಯಾವಾಗಲೂ ಕಿಟಕಿಗೆ ಅಂಟಿಕೊಂಡು ಕೂರುವ ಹುಡುಗಿ ಒಬ್ಬಳಿದ್ದಾಳೆ. ಒಂದು ಪದ ಆಡಿಸಬೇಕಾದರೂ ಎರಡು ಸಲ ಕೇಳಬೇಕು. ಇವತ್ತು ಕೇಳದೆಯೇ ಎದ್ದಳು. "ನಾನು ಬಸ್ ಕಂಡಕ್ಟರ್ ಮಗಳು. ನನಗೆ ಗೊತ್ತಿದ್ದೂ ಹೇಳದೆ ಇರೋ ಒಂದು ವಿಷಯ ಇದೆ. ಅದನ್ನ ಹೇಳ್ತೀನಿ." ಏನು ಎಂದು ನಾನು ಕೇಳಲಿಲ್ಲ. ಕೇಳಲು ಭಯವಾಯಿತು.

"ನಿಮ್ಮದು ಮೇಡಂ?" ಎಂದ ಮೈಕು.

"ನಂದು ಕಡೇಲಿ" ಎಂದೆ.

ಸೆಪ್ಟೆಂಬರ್ 25, ಸೋಮವಾರ

ಎರಡನೇ ಪಟ್ಟಿಯೂ ಹರಿದಿದೆ. ಮೇಲೆ ಇನ್ನೂ ಕಟ್ಟುಗಳನ್ನು ಹೊತ್ತು ಹಾಕುವ ದಡಬಡ ಸದ್ದು. ಎರಡನೇ ಬೆಂಚಿನವರನ್ನು ಎಬ್ಬಿಸಿ, ಅಲ್ಲಿ ಬೆಳಕು ಸಾಲದು ಎಂದು ಹೇಳಿ ಪಕ್ಕಕ್ಕೆ ಕೂರಿಸಿದೆ. ಎರಡನೇ ಬೆಂಚು ಸರಿಯಾಗಿ ತೊಲೆಯ ಕೆಳಗಿದೆ. ನಾನು ಓದುವಾಗ ಕೂರುತ್ತಿದ್ದದ್ದು ಅಲ್ಲೇ.

ಮೂರನೇ ಪಟ್ಟಿ ಅಂಟಿಸಿದೆ.

ಸೆಪ್ಟೆಂಬರ್ 29, ಶುಕ್ರವಾರ

ಬೆಂಚುಗಳನ್ನೆಲ್ಲ ಬಾಗಿಲ ಕಡೆಗೆ ಎಳೆಸಿಬಿಟ್ಟೆ. ನಾಟಕದ ಅಭ್ಯಾಸಕ್ಕೆ ಜಾಗ ಬೇಕು ಎಂದು ನೆಪ. ಬಾಗಿಲ ಬಳಿ ಈಗ ಕಾಲಿಡಲು ತಾವಿಲ್ಲ, ನನ್ನ ಕುರ್ಚಿಗೂ ಜಾಗವಿಲ್ಲ. ಒಳಗಡೆ, ಖಾಲಿ ಬಿದ್ದ ಜಾಗದಲ್ಲಿ ನಿಂತು ಪಾಠ ಮಾಡಿದೆ. ಅಲ್ಲಿಂದ ಧ್ವನಿ ಚೆನ್ನಾಗಿ ಕೇಳಿಸುತ್ತದಂತೆ.

ಮನೆಗೆ ಬಂದಾಗ ಅಪ್ಪ ನನ್ನ ತಲೆ ನೋಡಿ, "ಇದೇನೇ, ಒಂದೇ ದಿನಕ್ಕೆ ಕೂದಲು ಬೆಳ್ಳಗಾಯ್ತಲ್ಲ" ಎಂದ. ಕೊಡವಿದರೆ ಸುಣ್ಣ. ಅಪ್ಪ ನಗಲಿಲ್ಲ. ಬೆರಳಲ್ಲಿ ಉಜ್ಜಿ ನೋಡಿ, "ಇದರಲ್ಲಿ ಮರದ ಹಿಟ್ಟೂ ಇದೆ" ಎಂದ.

 ಇನ್ನು ಹದಿನೈದು ದಿನ.

ಅಕ್ಟೋಬರ್ 4, ಬುಧವಾರ

ತರಗತಿ ಮುಗಿದ ಮೇಲೆ ಕಿಟಕಿಯ ಹುಡುಗಿ ಉಳಿದುಕೊಂಡಳು.

"ಮೇಡಂ, ಗೋಡೆ ಮೇಲಿನ ಕಾಗದ ನೀವೇ ಅಂಟಿಸ್ತಿರೋದು ಅಲ್ವಾ?"

 "ಯಾರಿಗೂ ಹೇಳ್ಬೇಡಮ್ಮ" ಎಂದೆ. ನೋಡಿ, ಅಂಥ ಹೊತ್ತಿನಲ್ಲೂ ನನ್ನ ಬಾಯಿಗೆ ಬಂದ ಮಾತು ಅದು.

"ಎಲ್ಲರಿಗೂ ಗೊತ್ತು ಮೇಡಂ. ಮೊದಲನೇ ದಿನವೇ ಬಿರುಕು ನೋಡಿದ್ವಿ. ಅದಕ್ಕೇ ನಾನು ಕಿಟಕಿ ಪಕ್ಕ ಕೂರೋದು, ಹಾರಿಬಿಡಬಹುದಲ್ಲ ಅಂತ. ಆಮೇಲೆ ಕಾಗದ ನೋಡಿದ್ವಿ. ಮೇಡಂಗೆ ಗೊತ್ತಿದೆ, ಮೇಡಂ ಹೇಳ್ತಾರೆ ಅಂತ ಕಾಯ್ತಾ ಇದ್ವಿ."

ತಿಂಗಳಿಂದ ಕಾಯುತ್ತಿದ್ದಾರೆ. ಹತ್ತೊಂಬತ್ತು ಜನ, ಆ ತೊಲೆಯ ಕೆಳಗೆ, ನನ್ನ ಮುಖ ನೋಡಿಕೊಂಡು. ನಾನು ಅವರಿಗೆ ಶೌರ್ಯದ ಅರ್ಥ ಬರೆಸುತ್ತಿದ್ದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ನಾಚಿಕೆಯಿಂದ ಸತ್ತೇಹೋಗಬೇಕು ಅನ್ನಿಸಿತು.

ಅಕ್ಟೋಬರ್ 6, ಶುಕ್ರವಾರ

ಕಾರ್ಯದರ್ಶಿಗಳ ಕೋಣೆಗೆ ಹೋದೆ. ಮಾತನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ.

"ಸರ್, ಸಭಾಂಗಣದ ಗೋಡೆ ಸ್ವಲ್ಪ..."

"ಬಣ್ಣ ತಾನೇ? ಮಂಗಳವಾರ ಶುರು. ಕೂತ್ಕೊಳ್ಳಿ ಮೇಡಂ. ಒಂದು ಗುಟ್ಟು ಹೇಳ್ತೀನಿ, ನಿಮ್ಮಲ್ಲೇ ಇರ್ಲಿ. ಪಟ್ಟೀಲಿ ನಿಮ್ಮದೇ ಮೊದಲನೇ ಹೆಸರು. ವೇದಿಕೆ ಮೇಲೇ ಘೋಷಿಸ್ತೀವಿ."

ಹನ್ನೊಂದು ವರ್ಷ ಈ ಮಾತಿಗೆ ಕಾದಿದ್ದೆ. ನಮಸ್ಕಾರ ಮಾಡಿ ಹೊರಗೆ ಬಂದೆ. ಜಗಲಿಯ ಕಂಬ ಹಿಡಿದುಕೊಂಡು ನಿಂತಿದ್ದನ್ನು ಬೀಗದಣ್ಣ ನೋಡಿ ನೀರು ತಂದುಕೊಟ್ಟ. 

ಅಕ್ಟೋಬರ್ 8, ಭಾನುವಾರ

ಕಾಯಂ ಪಟ್ಟಿಯ ವಿಷಯ ಅಪ್ಪನಿಗೆ ಹೇಳಿದೆ. ಕುಂಟು ಕಾಲನ್ನು ನೀವಿಕೊಳ್ಳತೊಡಗಿದ. ಆಮೇಲೆ ಬಾಯಿ ಬಿಟ್ಟ.

"ಏಣಿಯಿಂದ ಬಿದ್ದೆ ಅಂತ ನಿನಗೆ ಹೇಳಿದ್ನಲ್ಲ, ಅದು ಸುಳ್ಳು ಮಗಳೇ. ಗೋದಾಮಿನ ಗೋಡೆ. ನಾನೇ ಕಾಗದ ಅಂಟಿಸಿದ್ದೆ, ಹರಿದಿತ್ತು. ಮಾಲೀಕರಿಗೆ ಹೇಳ್ದೆ."

"ಹೇಳಿದ್ಯಲ್ಲ ಮತ್ತೆ?"

"ಹ್ಞೂಂ, ಹೇಳ್ದೆ. 'ಒಂಚೂರು ನೋಡಿಸಿದ್ರೆ ಒಳ್ಳೇದಿತ್ತೇನೋ ಸ್ವಾಮಿ' ಅಂತ. ಗಟ್ಟಿಯಾಗಿ ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಮೆತ್ತಗೆ ಹೇಳ್ದೆ. ಅವರೂ ಮೆತ್ತಗೆ, ಆಗಲಿ ನೋಡೋಣ ಅಂದ್ರು. ನನಗೆ ಕಾಲು ಹೋಯ್ತು. ಜೊತೇಲಿದ್ದವನು ಪೂರ್ತಿ ಹೋದ."

ಅವನ ಹೆಸರು ಹೇಳಿದ. ಇಪ್ಪತ್ತು ವರ್ಷದಲ್ಲಿ ನಮ್ಮ ಮನೆಯಲ್ಲಿ ಆ ಹೆಸರು ಕೇಳಿದ್ದು ಇದೇ ಮೊದಲು.  ಅಪ್ಪ ಅಳುವುದನ್ನು ನೋಡುವ ಧೈರ್ಯವಾಗದೆ ಒಣಗಿದ ಬಟ್ಟೆಗಳನ್ನೇ ಮತ್ತೆ ಮತ್ತೆ ಮಡಿಸುತ್ತಾ ನಿಂತೆ.

ಅಕ್ಟೋಬರ್ 11, ಬುಧವಾರ

ಬಣ್ಣ ಬಳಿದಿದ್ದಾರೆ. ಹಲಗೆಯನ್ನು ಸರಿಸದೆ ಅದರ ಸುತ್ತಲೂ ಬಳಿದಿದ್ದಾರೆ. ನನ್ನ ಪಟ್ಟಿಯ ಮೇಲೂ ಬಳಿದಿದ್ದಾರೆ. ಬಿರುಕು ಕಾಣುವುದೇ ಇಲ್ಲ, ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದಾರೆ.



ಅಕ್ಟೋಬರ್ 13, ಶುಕ್ರವಾರ

 ಇವತ್ತಿನದನ್ನು ಬರೆದಿಡಬೇಕು.

ಬೆಳಿಗ್ಗೆ ಹನ್ನೊಂದಕ್ಕೆ ಕಡೆಯ ಅಭ್ಯಾಸ. ಹೊಸ ಬಣ್ಣದ ಮೇಲೆ ಕೂದಲೆಳೆಯಂಥ ಗೆರೆ ಆಗಲೇ ಮೂಡಿತ್ತು. ಬಣ್ಣ ಬಳಿದು ಎರಡು ದಿನವೂ ಆಗಿಲ್ಲ. ಕಾರ್ಯದರ್ಶಿಗಳು ಬಂದು ನಡುವೆ ಕುರ್ಚಿ ಹಾಕಿಸಿಕೊಂಡು ಕೂತರು, ಸರಿಯಾಗಿ ತೊಲೆಯ ಕೆಳಗೆ. ಹುಡುಗರು ಒಬ್ಬೊಬ್ಬರೇ ಆಣೆ ಹೇಳಿದರು. ಮೈಕು ಮೂಗನ ಹಾಗೆ ಕೈಸನ್ನೆ ಮಾ‌ಡಿದ. ಅವನು ಮಾತು ಬಿಟ್ಟ ದಿನ ಇವತ್ತೇ. ಕಾರ್ಯದರ್ಶಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಿಟಕಿಯ ಹುಡುಗಿ ತನ್ನ ಸರದಿ ಮುಗಿಸಿ, "ಕಡೇದು ನಮ್ಮ ಮೇಡಂದು" ಎಂದು ನನ್ನ ಕಡೆ ತಿರುಗಿದಳು. ನಂದು ಕಡೇಲಿ ಎಂದು ಆವತ್ತು ತಪ್ಪಿಸಿಕೊಂಡಿದ್ದೆ, ಅವಳು ಮರೆತಿರಲಿಲ್ಲ.

ಎದ್ದೆ.  ಸುತ್ತುಹೆಸರು ಒಂದಾದರೂ ಸಿಗಲಿ ಎಂದು ತಡಕಾಡಿದೆ, ಒಂದೂ ಸಿಗಲಿಲ್ಲ.

"ನಾನು ಮೇಸ್ತ್ರಿ ಮಗಳು. ಈ ತೊಲೆ ಬೀಳುತ್ತೆ. ನಾಳೆ ಆ ಬಾಗಿಲಲ್ಲಿ ನಿಂತ್ಕೋತೀನಿ. ಒಬ್ಬರನ್ನೂ ಒಳಗೆ ಬಿಡಲ್ಲ."

"ಭೇಷ್!" ಎಂದು ಕಾರ್ಯದರ್ಶಿಗಳು ಚಪ್ಪಾಳೆ ಹೊಡೆದರು. "ಅದ್ಭುತ ಮೇಡಂ! ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಿ, ಹಿಂದಿನವರಿಗೂ ಕೇಳಿಸ್ಬೇಕು."

ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ಹೇಳಿದೆ ಎಂದು ಮನಸ್ಸಿಗೆ ಸಮಾಧಾನ, ನಾಟಕವೆಂದು ಅವರಿಗೆ ಸಮಾಧಾನ. ಒಂದು ಕ್ಷಣ ಬಿಟ್ಟೇಬಿಡೋಣ ಅನ್ನಿಸಿದ್ದೂ ನಿಜ. ಅಪ್ಪ ಮೆತ್ತಗೆ ಹೇಳಿದ್ದು ನೆನಪಾಯಿತು. ಅವರ ಕುರ್ಚಿಯ ಹತ್ತಿರ ಹೋಗಿ ನಿಂತೆ.

"ಇದು ನಾಟಕ ಅಲ್ಲ ಸರ್. ಮೂರು ಸಲ ಕಾಗದ ಅಂಟಿಸಿದೆ, ಎರಡು ಸಲ ಹರೀತು. ಮೂರನೇದರ ಮೇಲೆ ಬಣ್ಣ ಬಳಿಸಿದ್ರಿ, ಆ ಬಣ್ಣವೂ ಬಿರುಕು ಬಿಟ್ಟಿದೆ. ಆ ಪತ್ರದಲ್ಲಿ ಗೆರೆ ಅಂತ ಬರೆದದ್ದು ಬಿರುಕನ್ನ. ನೇರವಾಗಿ ಬರೆಯೋಕೆ ಹೆದರಿದ್ದೆ. ತಪ್ಪು ನಂದೇ. ನೀವು ಈಗ ಕೂತಿರೋದು ಅದರ ಕೆಳಗೇ. ದಯವಿಟ್ಟು ಎದ್ದು ಬನ್ನಿ."

ಅವರ ಮುಖ ಕೆಂಪಗಾಯಿತು. "ನಮ್ಮ ತಾತ ಕಟ್ಟಿಸಿದ ಗೋಡೆ ಬೀಳುತ್ತಾ? ಎಷ್ಟು ಧೈರ್ಯ ನಿಮಗೆ! ಪಟ್ಟೀಲಿ ಹೆಸರು ಇನ್ನೂ ಪೆನ್ಸಿಲಲ್ಲೇ ಇದೆ, ನೆನಪಿರಲಿ."

ಧೈರ್ಯವಂತೆ! ನನ್ನ ಕೈ ನೋಡಿದ್ದರೆ ಗೊತ್ತಾಗುತ್ತಿತ್ತು.  ಆಗ ಹಿಂದೆ ಸದ್ದಾಯಿತು. ಮೈಕು, ಒಂದು ಮಾತೂ ಆಡದೆ, ಒಂದು ಬೆಂಚನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡು ಹೊರಗೆ ನಡೆದ. ಅವನ ಹಿಂದೆ ಇಬ್ಬರು ಇನ್ನೊಂದು ಬೆಂಚು. ಆಮೇಲೆ ಎಲ್ಲರೂ. ಬೀಗದಣ್ಣ ಎರಡೂ ಬಾಗಿಲು ಅಗಲ ತೆರೆದು ಹಿಡಿದುಕೊಂಡ. ಕಡೆಗೆ ಕೋಣೆಯಲ್ಲಿ ಉಳಿದದ್ದು ಕಾರ್ಯದರ್ಶಿಗಳು, ಅವರ ಕುರ್ಚಿ, ನಾನು. ಅವರು ಒಮ್ಮೆ ಮೇಲೆ ನೋಡಿದರು. ಎದ್ದು ಹೊರಗೆ ಹೋದರು, ಬಿರುಸಾಗಿಯೇ.

ಅಕ್ಟೋಬರ್ 14, ಶನಿವಾರ

ಸಮಾರಂಭ ಅಂಗಳದಲ್ಲಿ ನಡೆಯಿತು, ಬಟ್ಟೆಯ ಚಪ್ಪರದ ಕೆಳಗೆ. ನಾಟಕ ರದ್ದು. ಕಾಯಂ ಆದವರ ಪಟ್ಟಿ ಓದಿದರು. ನನ್ನ ಹೆಸರಿರಲಿಲ್ಲ. ಸಹೋದ್ಯೋಗಿಗಳು ನನ್ನ ಪಕ್ಕದ ಎರಡು ಕುರ್ಚಿ ಬಿಟ್ಟು ಕೂತರು. ತೊಲೆ ಬೀಳಲಿಲ್ಲ.

ಅಕ್ಟೋಬರ್ 17, ಮಂಗಳವಾರ

ಇನ್ನೂ ಬಿದ್ದಿಲ್ಲ. ಸ್ಟಾಫ್ ರೂಮಿನಲ್ಲಿ ಯಾರೋ, "ಏನ್ರೀ, ಆಕಾಶ ಗಟ್ಟಿಯಾಗಿದೆಯಾ ಇವತ್ತು?" ಎಂದರು. ನಕ್ಕೆ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಸುಳ್ಳಲ್ಲ.

ಬಿದ್ದುಬಿಡಬಾರದೇ ಎಂದು ಮನಸ್ಸಿನಲ್ಲಿ ಬಂತು. ಹಾಗೆ ಬಂತಲ್ಲ ಎಂದು ಅದಕ್ಕೂ ಹೆದರಿದೆ. ಈ ಅವಧಿ ಮುಗಿದ ಮೇಲೆ ನನ್ನ ಸೇವೆ ಅಗತ್ಯವಿಲ್ಲ ಎಂದು ಚೀಟಿ ಬಂದಿದೆ. ಅಪ್ಪನಿಗೆ ತೋರಿಸಿದೆ. ಮಡಿಸಿ ತನ್ನ ಜೇಬಿನಲ್ಲಿಟ್ಟುಕೊಂಡು, "ಟೀ ಮಾಡ್ತೀನಿ ಇರು" ಎಂದ.

ಅಕ್ಟೋಬರ್ 19, ಗುರುವಾರ

ಕಿಟಕಿಯ ಹುಡುಗಿ ಒಂದು ಅರ್ಜಿ ಬರೆದಿದ್ದಾಳೆ. ನೇರವಾದ ಅರ್ಜಿ, ನಾಲ್ಕೇ ಸಾಲು: ಬಿರುಕು ಎಲ್ಲಿದೆ, ಎಷ್ಟಿದೆ, ಕಾಗದ ಯಾವ ಯಾವ ದಿನ ಹರಿಯಿತು. ಕೆಳಗೆ ಹತ್ತೊಂಬತ್ತು ರುಜು, ಪ್ರತಿಯೊಂದರ ಮುಂದೆ ಯಾರ ಮಗ, ಯಾರ ಮಗಳು. ಕಂಡಕ್ಟರು, ಅಂಚೆ ಗುಮಾಸ್ತರು, ಇನ್ನೂ ಆರೇಳು ಅಪ್ಪ ಅಮ್ಮಂದಿರು ಅದನ್ನು ಹಿಡಿದು ಕಟ್ಟಡಗಳ ಇಲಾಖೆಯ ಕಚೇರಿಗೆ ಹೋಗಿ ಕೂತರಂತೆ. ನಾಳೆ ಎಂಜಿನಿಯರ್ ಬರುತ್ತಾರೆ.

ಏನೂ ಇಲ್ಲ ಎಂದು ಅವರು ಹೇಳಿಬಿಟ್ಟರೆ?

ಅಕ್ಟೋಬರ್ 20, ಶುಕ್ರವಾರ

ಎಂಜಿನಿಯರ್ ಬಂದರು. ಏಣಿ ಹತ್ತಿ, ತೊಲೆ ಗೋಡೆಗೆ ಸೇರುವ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿದರು. ಹಿಡಿಯವರೆಗೆ ಒಳಗೆ ಹೋಯಿತು. ಗೆದ್ದಲು ತಿಂದು, ಹೊರಗಿನ ಸಿಪ್ಪೆ ಮಾತ್ರ ಉಳಿದಿತ್ತು. ಅವರು ನಿಧಾನವಾಗಿ ಇಳಿದು ಬಂದು, ಎಲ್ಲರೂ ಹೊರಗೆ ಹೋಗಿ ಎಂದರು. ಮುನ್ನೂರು ಜನ ಇಲ್ಲಿ ಕೂತಿದ್ದರೆ ಎಂದು ಕಾರ್ಯದರ್ಶಿಗಳು ಮೆಲ್ಲಗೆ ಕೇಳಿದರು. ಎಂಜಿನಿಯರ್ ಸ್ಕ್ರೂಡ್ರೈವರಿಗೆ ಅಂಟಿದ ಮರದ ಹಿಟ್ಟನ್ನು ಒರೆಸಿದರು.

ಮಧ್ಯಾಹ್ನ ತೊಲೆಗೆ ಆಸರೆಯ ಕಂಬ ಕೊಟ್ಟ ಮೇಲೆ ರ‍್ಯಾಂಕ್ ಹಲಗೆಯನ್ನು ಕಳಚಿದರು. ಅದರ ಹಿಂದೆ ಬಿರುಕು ಅಂಗೈ ಅಗಲವಿತ್ತು. ಬಿರುಕಿನ ಉದ್ದಕ್ಕೂ, ಒಂದರ ಕೆಳಗೊಂದು, ಕಾಗದದ ಪಟ್ಟಿಗಳು. ಐದು. ಹಳದಿಯಾಗಿ, ಅಂಚು ಸುರುಳಿಕೊಂಡು, ಐದೂ ನಡುವೆ ಹರಿದಿದ್ದವು.

ಅಪ್ಪ ಬಿಟ್ಟರೆ ಈ ಉಪಾಯ ಬಲ್ಲವರು ಇನ್ಯಾರು ಎಂದು ಏಣಿ ಹತ್ತಿ ನೋಡಿದೆ. ಎಲ್ಲಕ್ಕಿಂತ ಮೇಲಿನದರಲ್ಲಿ 17-7, ಅದರ ಪಕ್ಕದಲ್ಲಿ ಇಸವಿ. ಹದಿನಾರು ವರ್ಷದ ಹಿಂದಿನದು. ಎರಡು ಏಳಕ್ಕೂ ಸೊಂಟದಲ್ಲಿ ಅಡ್ಡಗೆರೆ.

ಆ ವರ್ಷ ನಾನು ಎರಡನೇ ಬೆಂಚಿನಲ್ಲಿ, ಈ ತೊಲೆಯ ಕೆಳಗೆ ಕೂತು, ಶೌರ್ಯ ಎಂದರೇನು ಎಂದು ಬರೆದುಕೊಳ್ಳುತ್ತಿದ್ದೆ. ಅವರು ಬಾಗಿಲ ಬಳಿ ನಿಂತು ಹೇಳುತ್ತಿದ್ದರು.

ಏಣಿಯ ಮೇಲೇ ಅಳು ಬಂತು. ಸಿಟ್ಟೂ ಬಂತು, ಬರಲಿಲ್ಲ ಎಂದರೆ ಸುಳ್ಳು. ಐದು ಪಟ್ಟಿ, ಐದು ಬೇರೆ ಬೇರೆ ಇಸವಿ; ಕಡೆಯದು ಅವರು ನಿವೃತ್ತರಾದ ವರ್ಷದ್ದು. ಪ್ರತಿ ಸಲ ಏಣಿ ಹತ್ತಿ, ಹಲಗೆ ಸರಿಸಿ, ಅಂಟಿಸಿ, ಮತ್ತೆ ಮುಚ್ಚಿ ಇಳಿದಿದ್ದಾರೆ. ಬೆವರಿರುತ್ತಾರೆ. ನಮ್ಮನ್ನು ಅವರು ಪ್ರೀತಿಸುತ್ತಿದ್ದರು, ಅದರಲ್ಲಿ ನನಗೆ ಅನುಮಾನವಿಲ್ಲ. ಹೆದರಿಕೆ ಬರೆದಿಟ್ಟರೆ ಅರ್ಧ ಇಳಿಯುತ್ತದೆ ಎಂದರಲ್ಲ, ಅವರು ಬರೆದಿಟ್ಟದ್ದು ಇಲ್ಲಿ. ಇನ್ನರ್ಧವನ್ನು ಏನು ಮಾಡಬೇಕೆಂದು ಅವರಿಗೂ ತಿಳಿದಿರಲಿಲ್ಲ.

ಕಿಟಕಿಯ ಹುಡುಗಿ ಕೆಳಗಿನಿಂದ ಏಣಿ ಹಿಡಿದುಕೊಂಡಿದ್ದಳು. "ಯಾರ ಕೈಬರಹ ಮೇಡಂ?"

"ನನ್ನ ಮೇಷ್ಟ್ರದು."

"ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

 ಮೇಲಿನ ಪಟ್ಟಿಯನ್ನು ಉಗುರಿನಿಂದ ಬಿಡಿಸಿ ತಂದಿದ್ದೇನೆ. ಎರಡು ಹೋಳನ್ನೂ ಈ ಪುಟದಲ್ಲಿ ಇಟ್ಟಿದ್ದೇನೆ.

ಸೋಮವಾರ ತರಗತಿ ಅಂಗಳದಲ್ಲಿ. ಇನ್ನು ಎಂಟು ಪಾಠ ಉಳಿದಿವೆ, ಆಮೇಲೆ ನನಗೆ ಕಾಲೇಜಿಲ್ಲ. ಓಡಿಹೋದವರ ಭಾಗವನ್ನು ಮಾಡುತ್ತೇನೆ. ಅಲ್ಲಿ ಕವಿ ಅವರ ಹೆಸರುಗಳನ್ನು ಒಂದೊಂದಾಗಿ, ಯಾರ ಮಗನೆಂದು ಸಹಿತ ಹೇಳುತ್ತಾನೆ. ಆ ಪುಟಕ್ಕೆ 'ಬಿಡಬಹುದು' ಎಂಬುದರ ಹೊರತು ಮೇಷ್ಟ್ರ ಟಿಪ್ಪಣಿ ಇಲ್ಲ, ನಾನೇ ಬರೆದುಕೊಳ್ಳಬೇಕು. ಅವರನ್ನು ಬೈಯದೆ ಓದುವುದು ಹೇಗೆ ಎಂದು ಈಗಿನಿಂದಲೇ ಹೆದರಿಕೆಯಾಗುತ್ತಿದೆ.